ಕೋವಿಯ ನಳಿಗೆಯ ಮುದ್ರೆಗಳು

ಮುಂಬಯಿಯ ಗ್ರಾಂಟ್ ರೋಡ್ ನಿಲ್ದಾಣದಿಂದ ಪೂರ್ವಕ್ಕೆ ನಡೆದು ಚೋರ್ ಬಜಾರಿನ ಮಟನ್ ಸ್ಟ್ರೀಟನ್ನು ಹೊಕ್ಕವನಿಗೆ, ಹಳೆಯ ಗಡಿಯಾರ, ಗ್ರಾಮಾಫೋನುಗಳನ್ನು ತಿರುವಿ ತಯಾರಕನ ಗುರುತನ್ನು ಅರಸುವ ಅಭ್ಯಾಸ ತಾನಾಗಿಯೇ ಅಂಟಿಕೊಳ್ಳುತ್ತದೆ. ಆ ದೃಷ್ಟಿಗೆ ಅತ್ಯಂತ ಸಮೃದ್ಧವಾದ ವಸ್ತುವೆಂದರೆ ಹಳೆಯ ಬೇಟೆಕೋವಿಯೇ ಸರಿ.

ನಳಿಗೆಯನ್ನು ಕಳಚಿ ಅಡಿಭಾಗವನ್ನು ಬೆಳಕಿಗೆ ಹಿಡಿದಾಗ, ಕಿರೀಟವೊಂದೂ, ಅದರ ಕೆಳಗೆ ಪರಸ್ಪರ ಛೇದಿಸುವ ಎರಡು ರಾಜದಂಡಗಳೂ, ಅವುಗಳ ಸಂದುಗಳಲ್ಲಿ ಬಿ, ಪಿ, ಸಿ ಎಂಬ ಇಂಗ್ಲಿಷ್ ಅಕ್ಷರಗಳೂ ಕಂಡುಬಂದರೆ, 1813ರ ಶಾಸನದಿಂದ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದಲ್ಲಿ, ವಾಡಿಕೆಗಿಂತ ಮಿಗಿಲಾದ ಮದ್ದನ್ನು ತುಂಬಿ ಸಿಡಿಸಿದಾಗಲೂ ಬಿರಿಯದೆ ನಿಂತ ನಳಿಗೆ ಅದೆಂದೂ, 1904ಕ್ಕೆ ಮುಂಚಿನದೆಂದೂ ಅರಿಯಬಹುದು. ಕಿರೀಟದಡಿ ಹೆಣೆದುಕೊಂಡ ಜಿ, ಪಿ ಅಕ್ಷರಗಳು ಲಂಡನ್ನಿನವು.

ಕೆಲವೊಮ್ಮೆ ಬರಿಯ ವ್ಯಾಸದ ಅಂಕಿಯೇ ಇತಿಹಾಸವನ್ನು ಹೇಳುತ್ತದೆ. ಸೈನ್ಯದ ಮಾರ್ಟಿನಿ-ಹೆನ್ರಿ ಬಂದೂಕಿಗೆ ಒಗ್ಗುವ ಗುಂಡುಗಳು ಬಂಡುಕೋರರ ಕೈಸೇರಿಯಾವೆಂಬ ಶಂಕೆಯಿಂದ ಸರಕಾರವು 1907ರ ಸುಮಾರಿಗೆ ಭಾರತದಲ್ಲಿ .450 ವ್ಯಾಸವನ್ನು ನಿಷೇಧಿಸಲಾಗಿ, ಇಂಗ್ಲೆಂಡಿನ ಕುಶಲಿಗಳು .465, .470 ಮೊದಲಾದ ಹೊಸ ವ್ಯಾಸಗಳನ್ನು ನಿರ್ಮಿಸಿದರು. ಕೋವಿಯ ಕ್ರಮಾಂಕವನ್ನು ಹಿಡಿದು ಹೊರಟರೆ, ತಯಾರಕರ ಲೆಕ್ಕಪುಸ್ತಕ ಉಳಿದಿದ್ದ ಪಕ್ಷದಲ್ಲಿ, ಮೊದಲು ಕೊಂಡವನ ಹೆಸರೂ ದೊರೆಯಬಹುದು. ಪಾರ್ಶ್ವಫಲಕದ ಮೇಲೆ ಕೆತ್ತಿದ ಹುಲಿ, ಜಿಂಕೆಗಳಿಗಿಂತ ಈ ಅಡಗಿದ ಮುದ್ರೆಗಳಲ್ಲಿಯೇ ನನಗೆ ಹೆಚ್ಚಿನ ಸೊಬಗು ತೋರುತ್ತದೆ. ಏಕೆಂದರೆ ಅವು ಅಲಂಕಾರಕ್ಕಲ್ಲ, ಪ್ರಾಣರಕ್ಷಣೆಯ ಹೊಣೆಗೆ ಒತ್ತಿದವು.

ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನಂದು ಕೋವಿಗೆ ತೋಕ್‌ಪೂ ಎಂಬ ಹೂವನ್ನಿಟ್ಟು ಪೂಜಿಸುವ ಕೊಡಗಿನ ಮನೆಗಳಲ್ಲಿ ಇಂಥವು ಇನ್ನೂ ಇವೆ. ಅಲ್ಲಿಯ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಹೊಳಪಿನಾಸೆಗೆ ಉಪ್ಪುಕಾಗದದಿಂದ ನಳಿಗೆಯನ್ನು ಉಜ್ಜಿಸಬೇಡಿರಿ, ಮುದ್ರೆಗಳ ಪಡಿಯಚ್ಚನ್ನು ತೆಗೆದು ಮನೆಯ ಕಾಗದಪತ್ರಗಳೊಡನೆ ಇರಿಸಿರಿ.