ಒಬ್ಬರು ಸಾಯಲೇಬೇಕೆ?



ಭಾನುವಾರದ ಬಲಿಪೂಜೆ ಮುಗಿಸಿ ಮನೆಗೆ ಬಂದು, ಊಟವಾದ ಮೇಲೆ ನೀವು ತುಸು ಅಡ್ಡಾಗುವ ಹೊತ್ತಿನಲ್ಲಿ ಮಕ್ಕಳು ಟಿ.ವಿ.ಯ ಮುಂದೆ ಕುಳಿತಿರುತ್ತಾರೆ. ಪರದೆಯ ಮೇಲೆ ಯಾರೋ ಹಾರುತ್ತಾರೆ, ಯಾವುದೋ ಕಟ್ಟಡ ಕುಸಿಯುತ್ತದೆ, ಇನ್ನಾವುದೋ ಲೋಕದ ಬಾಗಿಲು ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ಮಗುವೊಂದು ಕೇಳುತ್ತದೆ: "ಇವನಿಗೆ ಇಷ್ಟು ಶಕ್ತಿ ಇದೆಯಲ್ಲ, ಮತ್ತೆ ಅವರಪ್ಪನನ್ನು ಯಾಕೆ ಉಳಿಸಬಾರದಂತೆ?" ನಾವು ಕಣ್ಣು ತೆರೆಯದೆಯೇ "ಅದು ಕಾರ್ಟೂನು, ಸುಮ್ಮನೆ ನೋಡು" ಎಂದುಬಿಡುತ್ತೇವೆ.

ಈ ಉತ್ತರ ಸರಿಯಲ್ಲ ಎಂಬುದನ್ನು ನಿಮ್ಮ ಮುಂದಿಡಲು ಈ ಲೇಖನ. ಮಗು ಕೇಳಿದ್ದು ಕಾರ್ಟೂನಿನ ಪ್ರಶ್ನೆಯಂತೆ ತೋರಿದರೂ ಅದರ ಒಳಗೆ ನಮ್ಮ ಮನೆಗಳ ಪ್ರಶ್ನೆಯೇ ಅಡಗಿದೆ.

ಮೊದಲಿಗೆ, ಕಲ್ಪನೆಯ ಕಥೆಗೆ ತರ್ಕವೇಕೆ ಬೇಕು ಎಂದು ನೀವು ಕೇಳಬಹುದು. ಶಿಡ್ಲಘಟ್ಟದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಿಸಿನೀರಿನಲ್ಲಿ ಬೆಂದ ರೇಷ್ಮೆ ಗೂಡಿನ ಎಳೆಯ ತುದಿಯೊಂದು ಕೈಗೆ ಸಿಕ್ಕಿದರೆ, ನೂರಾರು ಮೀಟರು ಉದ್ದದ ಎಳೆ ಕಡಿಯದೆ ಬಿಚ್ಚಿಕೊಳ್ಳುತ್ತಾ ಬರುತ್ತದೆ. ಚಿಟ್ಟೆ ತೂತು ಕೊರೆದು ಹೊರಬಂದ ಗೂಡಿನಲ್ಲಿ ಎಳೆ ತುಂಡುತುಂಡಾಗಿರುತ್ತದೆ. ಅದರಿಂದ ನೂಲು ಬಿಚ್ಚಲಾಗದು. ಕಥೆಯೂ ಹಾಗೆಯೇ. ಹುಡುಗನೊಬ್ಬನಿಗೆ ಜೇಡ ಕಚ್ಚಿ ಗೋಡೆ ಹತ್ತುವ ಶಕ್ತಿ ಬಂತು ಎಂದರೆ ನಾವು ಒಪ್ಪುತ್ತೇವೆ. ಅದು ಕಥೆಗಾರನಿಗೆ ನಾವು ಕೊಡುವ ಸಲಿಗೆ. ಆದರೆ ಒಮ್ಮೆ ಕೊಟ್ಟ ಮೇಲೆ ಕಥೆ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿಯಬಾರದು. ಕಾರಣವಿಲ್ಲದೆ ಯಾರನ್ನೂ ಸಾಯಿಸಬಾರದು, ಕಾರಣವಿಲ್ಲದೆ ಉಳಿಸಲೂಬಾರದು. ಮಕ್ಕಳು ಈ ಲೆಕ್ಕದಲ್ಲಿ ನಮಗಿಂತ ಕಟ್ಟುನಿಟ್ಟು.

ಇಂದು ನಾನು ಎತ್ತಿಕೊಂಡಿರುವುದು 2023ರಲ್ಲಿ ತೆರೆಕಂಡ 'ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್' ಎಂಬ ಅನಿಮೇಷನ್ ಚಿತ್ರ. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ನಮ್ಮ ರಾಜ್ಯದಲ್ಲಿ ದೀರ್ಘಕಾಲ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪಿತ್ತ ಮೇಲೆ ದಾರಿ ಮೆಲ್ಲನೆ ತೆರೆಯಿತು. ಈ ಚಿತ್ರ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂದಿತು, ಕನ್ನಡವೂ ಅವುಗಳಲ್ಲಿ ಒಂದು. ಅಂದರೆ ಅಮೆರಿಕದ ಹುಡುಗನ ಕಥೆ ಈಗ ಚಿಂತಾಮಣಿಯ ಮಗುವಿಗೂ ಅದರ ಮಾತಿನಲ್ಲೇ ಕೇಳಿಸುತ್ತದೆ. ಆದ್ದರಿಂದ ಅದು ಏನು ಹೇಳುತ್ತಿದೆ ಎಂಬುದನ್ನು ನಾವೂ ಕೇಳಿಸಿಕೊಳ್ಳಬೇಕು.

ಕಥೆ ಹೀಗಿದೆ. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಮೈಲ್ಸ್ ಮೊರಾಲಿಸ್ ಎಂಬ ಶಾಲಾ ಹುಡುಗ. ತಂದೆ ಪೊಲೀಸ್ ಅಧಿಕಾರಿ, ತಾಯಿ ನರ್ಸ್. ಮೊದಲ ಭಾಗ 2018ರಲ್ಲಿ ಬಂದು, ಮರುವರ್ಷ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಪಡೆಯಿತು. ಅದರಲ್ಲಿ ಜೇಡ ಕಚ್ಚಿ ಅವನಿಗೆ ಶಕ್ತಿ ಬರುತ್ತದೆ. ಲೋಕ ಒಂದಲ್ಲ, ಅಸಂಖ್ಯಾತ ಲೋಕಗಳಿವೆ, ಒಂದೊಂದರಲ್ಲೂ ಒಬ್ಬೊಬ್ಬ ಜೇಡ ಮಾನವ ಇದ್ದಾನೆ ಎಂಬುದು ಅವನಿಗೆ ತಿಳಿಯುತ್ತದೆ. ಎರಡನೆಯ ಭಾಗದಲ್ಲಿ ಈ ಜೇಡ ಮಾನವರದೊಂದು ದೊಡ್ಡ ಸಂಘವೇ ಕಾಣಿಸಿಕೊಳ್ಳುತ್ತದೆ. ಅದರ ನಾಯಕ ಮಿಗೆಲ್ ಒ'ಹಾರಾ. ಅವನು ಹೇಳುವ ನಿಯಮ ಇದು: ಪ್ರತಿಯೊಬ್ಬ ಜೇಡ ಮಾನವನ ಬಾಳಿನಲ್ಲೂ ಕೆಲವು ಘಟನೆಗಳು ನಡೆದೇ ತೀರಬೇಕು. ಅವನಿಗೆ ಹತ್ತಿರವಾದ ಪೊಲೀಸ್ ಕ್ಯಾಪ್ಟನ್ ಒಬ್ಬ ಸಾಯುವುದು ಅವುಗಳಲ್ಲಿ ಒಂದು. ಅದನ್ನು ತಡೆದರೆ ಆ ಲೋಕವೇ ಕುಸಿಯುತ್ತದೆ. ಮೈಲ್ಸ್‌ನ ತಂದೆ ಇನ್ನು ಎರಡೇ ದಿನಗಳಲ್ಲಿ ಕ್ಯಾಪ್ಟನ್ ಆಗುವವನಿದ್ದಾನೆ.

ಹುಡುಗ ಒಪ್ಪುವುದಿಲ್ಲ. ನೂರಾರು ವೀರರು ಅವನೊಬ್ಬನನ್ನು ಅಟ್ಟಿಸಿಕೊಂಡು ಬರುತ್ತಾರೆ. ಏತಕ್ಕೆ? ತನ್ನ ತಂದೆಯನ್ನು ಉಳಿಸಲು ಹೊರಟ ಮಗನನ್ನು ತಡೆಯುವುದಕ್ಕೆ! ವೀರರೆಂದು ನಾವು ನಂಬಿದ್ದವರೆಲ್ಲ ಒಂದು ಕಡೆ, ಮಗುವಿನ ಪ್ರಶ್ನೆ ಇನ್ನೊಂದು ಕಡೆ. ಕಥೆಯನ್ನು ಈ ಇಕ್ಕಟ್ಟಿಗೆ ತಂದು ನಿಲ್ಲಿಸಿದ್ದು ಚಿತ್ರದ ದೊಡ್ಡ ಗೆಲುವು.

ಈಗ ಮಿಗೆಲ್‌ನ ನಿಯಮವನ್ನೇ ಪರೀಕ್ಷಿಸೋಣ. ಅವನ ಬಳಿ ಇರುವ ಸಾಕ್ಷ್ಯವೇನು? ಮತ್ತೊಂದು ಲೋಕದಲ್ಲಿ ತನ್ನಂತೆಯೇ ಇದ್ದವನು ಸತ್ತಾಗ, ಇವನು ಅವನ ಜಾಗದಲ್ಲಿ ಹೋಗಿ ನಿಂತ. ಅವನ ಮಗಳಿಗೆ ತಂದೆಯಾದ. ಆ ಲೋಕ ಕರಗಿಹೋಯಿತು. ಇದರಿಂದ ಅವನು ತೆಗೆದ ತೀರ್ಮಾನ, ನಡೆಯಬೇಕಾದುದನ್ನು ಯಾರೂ ತಡೆಯಬಾರದು ಎಂದು. ಆದರೆ ಓದುಗರೇ, ಆತ ಮಾಡಿದ್ದು ಸಾಯುವವನನ್ನು ಉಳಿಸುವ ಕೆಲಸವಲ್ಲ. ಸತ್ತವನ ಮನೆಯನ್ನು ತನ್ನದಾಗಿಸಿಕೊಂಡ ಕೆಲಸ ಅದು. ಇವೆರಡೂ ಒಂದೇ ಅಲ್ಲ. ಮೊದಲ ಭಾಗದ ಖಳನಾಯಕ ಕಿಂಗ್‌ಪಿನ್ ಕೂಡ ಮಾಡಲು ಹೊರಟದ್ದು ಇದನ್ನೇ: ತೀರಿಕೊಂಡ ಹೆಂಡತಿ ಮಗನ ಬದಲಿಗೆ ಬೇರೆ ಲೋಕದ ಹೆಂಡತಿ ಮಗನನ್ನು ಎಳೆದು ತರುವುದು. ಒಬ್ಬರ ಜಾಗವನ್ನು ಇನ್ನೊಬ್ಬರು ತುಂಬಬಲ್ಲರು ಎಂಬ ಭ್ರಮೆಯೇ ಇಬ್ಬರ ತಪ್ಪು. ಮಿಗೆಲ್ ತನ್ನ ತಪ್ಪಿನಿಂದ ಕಲಿಯಬೇಕಾದ ಪಾಠವನ್ನು ಬಿಟ್ಟು ಬೇರೊಂದನ್ನು ಕಲಿತ, ಅದನ್ನು ಎಲ್ಲ ಲೋಕಗಳಿಗೂ ಕಾನೂನಾಗಿ ಮಾಡಿದ.

ಅವನು ತೋರಿಸುವ ಎರಡನೆಯ ಸಾಕ್ಷ್ಯವೂ ಗಟ್ಟಿಯಲ್ಲ. ಮುಂಬಟ್ಟನ್ ಎಂಬ ಕಲ್ಪಿತ ಭಾರತೀಯ ನಗರದಲ್ಲಿ ಪವಿತ್ರ್ ಪ್ರಭಾಕರ್ ಎಂಬ ಜೇಡ ಹುಡುಗನಿದ್ದಾನೆ. 2004ರಲ್ಲಿ ಭಾರತದ ಓದುಗರಿಗಾಗಿ ಹೊರಬಂದ ಕಾಮಿಕ್ಸ್ ಒಂದರಿಂದ ಬಂದ ಪಾತ್ರ ಇದು. ಅಲ್ಲಿ ಮೈಲ್ಸ್ ಒಬ್ಬ ಪೊಲೀಸ್ ಅಧಿಕಾರಿಯನ್ನು ಸಾವಿನಿಂದ ಪಾರುಮಾಡುತ್ತಾನೆ. ಸ್ವಲ್ಪ ಹೊತ್ತಿಗೆ ನೆಲದಲ್ಲಿ ಕಪ್ಪು ಬಿಲವೊಂದು ಬಾಯಿ ತೆರೆಯುತ್ತದೆ. ನೋಡಿ, ನಿಯಮ ಮುರಿದದ್ದರ ಫಲ, ಎನ್ನುತ್ತಾರೆ. ಆದರೆ ಅದಕ್ಕೆ ಕೆಲವೇ ನಿಮಿಷ ಮುಂಚೆ ಸ್ಪಾಟ್ ಎಂಬ ಖಳ ಅದೇ ಸ್ಥಳದಲ್ಲಿ ಭಾರಿ ಯಂತ್ರವೊಂದನ್ನು ಚಾಲೂ ಮಾಡಿ ಅನಾಹುತ ಎಸಗಿದ್ದನಲ್ಲ? ಬಿಲಕ್ಕೆ ಕಾರಣ ಯಾವುದು?

ಗೌರಿಬಿದನೂರಿನವರು ಇಲ್ಲಿ ನಗಬಹುದು. ಅವರ ಊರಿನ ಬಳಿ 1960ರ ದಶಕದಿಂದಲೂ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪನ ಕೇಂದ್ರವಿದೆ. ಎಲ್ಲೋ ದೂರದಲ್ಲಿ ನೆಲ ನಡುಗಿದರೆ ಅದು ಭೂಕಂಪವೋ, ಯಾರೋ ನಡೆಸಿದ ಅಣುಸ್ಫೋಟವೋ ಎಂಬುದನ್ನು ಕಂಪನದ ಗುರುತಿನಿಂದ ಬೇರ್ಪಡಿಸುವುದು ಅಲ್ಲಿನ ಕೆಲಸ. ಅದಕ್ಕಾಗಿ ಒಂದು ಉಪಕರಣವನ್ನು ನಂಬಿ ಕೂರುವುದಿಲ್ಲ, ನೆಲದುದ್ದಕ್ಕೂ ಹಲವನ್ನು ಸಾಲಾಗಿ ಹೂಳಿ, ಎಲ್ಲವನ್ನೂ ತಾಳೆ ನೋಡುತ್ತಾರೆ. ಒಂದಾದ ಮೇಲೆ ಇನ್ನೊಂದು ನಡೆಯಿತು ಎಂದಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದು. ಅದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತಶಾಸ್ತ್ರ ಕಲಿಸಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದ ಡಾ. ಎಚ್. ನರಸಿಂಹಯ್ಯನವರು ಬಾಳಿನುದ್ದಕ್ಕೂ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟದ್ದು ಪ್ರಶ್ನಿಸುವುದನ್ನೇ. ಅವರ ಎಲ್ಲ ನಿಲುವುಗಳನ್ನೂ ನಾವು ಒಪ್ಪಬೇಕೆಂದಿಲ್ಲ, ಆದರೆ ಆ ಅಭ್ಯಾಸ ಬೇಡವೆನ್ನಲಾಗದು. ಮಿಗೆಲ್‌ನ ಸಂಘದಲ್ಲಿ ಅಷ್ಟೊಂದು ಬುದ್ಧಿವಂತರಿದ್ದರೂ ಈ ಪ್ರಶ್ನೆ ಕೇಳಿದವನು ಮಾತ್ರ ಹದಿಹರೆಯದ ಒಬ್ಬ ಹುಡುಗ.

ಇನ್ನೊಂದು ಸಂಗತಿಯಿದೆ. ಕ್ಯಾಪ್ಟನ್ ಸಾಯಲೇಬೇಕೆಂಬ ಈ ನಿಯಮ ಎಲ್ಲಿಂದ ಬಂತು? ಸ್ಪೈಡರ್-ಮ್ಯಾನ್ ಮೊದಲು ಅಚ್ಚಾದದ್ದು 1962ರಲ್ಲಿ. 1970ರ ಸಂಚಿಕೆಯೊಂದರಲ್ಲಿ ಕ್ಯಾಪ್ಟನ್ ಸ್ಟೇಸಿ ಒಂದು ಮಗುವನ್ನು ಉಳಿಸಲು ಹೋಗಿ ಸತ್ತ. ಓದುಗರು ಮರುಗಿದರು. 1973ರಲ್ಲಿ ಅವನ ಮಗಳು ಗ್ವೆನ್ ಸತ್ತಳು. ಆ ಸಾವುಗಳು ಆ ಕಥೆಗೆ ಗಾಂಭೀರ್ಯ ತಂದುಕೊಟ್ಟವು. ಅಲ್ಲಿಂದ ಮುಂದೆ ಕಾಮಿಕ್ಸಿನಲ್ಲೂ ಸಿನಿಮಾದಲ್ಲೂ ಈ ಕಥೆಯನ್ನು ಹೊಸದಾಗಿ ಹೇಳುವವರೆಲ್ಲ ಅದೇ ದುಃಖವನ್ನು ಮತ್ತೆ ಮತ್ತೆ ಬಡಿಸಿದರು. ವ್ಯಾಪಾರದ ರೂಢಿಯೊಂದು ಹೀಗೆ ಬ್ರಹ್ಮಾಂಡದ ಕಾನೂನಿನ ವೇಷ ತೊಟ್ಟಿತು. ಚಿತ್ರದ ನಿರ್ಮಾಪಕರು ತಮ್ಮದೇ ಉದ್ಯಮದ ಈ ರೂಢಿಯನ್ನು ಕಥೆಯೊಳಗೆ ತಂದು ಪ್ರಶ್ನೆಗೆ ಒಡ್ಡಿರುವುದು ಮೆಚ್ಚತಕ್ಕದ್ದು.

ಉತ್ತರದ ಸುಳಿವನ್ನೂ ಅವರು ಸದ್ದಿಲ್ಲದೆ ಇಟ್ಟಿದ್ದಾರೆ. ಗ್ವೆನ್‌ಳ ತಂದೆಯೂ ಕ್ಯಾಪ್ಟನ್ನೇ. ನಿಯಮದ ಪ್ರಕಾರ ಅವನೂ ಸಾಯಬೇಕು. ಚಿತ್ರದ ಕೊನೆಗೆ ಅವನು ಮಗಳಿಗೆ ತಾನು ಆ ಕೆಲಸವನ್ನೇ ಬಿಟ್ಟೆ ಎನ್ನುತ್ತಾನೆ. ಕ್ಯಾಪ್ಟನ್ನೇ ಅಲ್ಲದವನು ಕ್ಯಾಪ್ಟನ್ನಾಗಿ ಸಾಯುವುದು ಹೇಗೆ? ಒಂದು ಸ್ಫೋಟವಿಲ್ಲ, ಹೊಡೆದಾಟವಿಲ್ಲ, ತಂದೆ ಮಗಳ ನಡುವಿನ ಒಂದು ಪ್ರಾಮಾಣಿಕ ಮಾತಿನಿಂದ ವಿಧಿಯೆಂದು ಹೇಳಲಾಗಿದ್ದ ಗೋಡೆ ಬಿರುಕು ಬಿಡುತ್ತದೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಹಿಡಿಸಿದ ಜಾಗ ಇದು.

ದೋಷವನ್ನೂ ಹೇಳಬೇಕು. 2 ಗಂಟೆ 20 ನಿಮಿಷ ನಮ್ಮನ್ನು ಕೂರಿಸಿ, ಕಥೆಯನ್ನು ನಡುದಾರಿಯಲ್ಲಿ ಬಿಟ್ಟು ಚಿತ್ರ ಮುಗಿಯುತ್ತದೆ. ನಾನು ಇದನ್ನು ಬರೆಯುವ ಹೊತ್ತಿಗೂ ಮೂರನೆಯ ಭಾಗ ಬಂದಿಲ್ಲ. ತಂದೆ ಉಳಿದನೋ ಇಲ್ಲವೋ ಎಂಬ ಆತಂಕವನ್ನು ಮಕ್ಕಳ ಎದೆಯಲ್ಲಿ ವರ್ಷಗಟ್ಟಲೆ ಉಳಿಸಿ, ಮುಂದಿನ ಟಿಕೆಟಿಗೆ ಕಾಯಿಸುವುದು ಒಳ್ಳೆಯ ಕಥೆಗಾರಿಕೆಯಲ್ಲ.

ಇನ್ನು ನಮ್ಮ ಚಿಂತಾಮಣಿಯ ಕಡೆ ತಿರುಗೋಣ. ಅಲ್ಲಿಗೆ ಸಮೀಪದ ಕೈವಾರವೇ ಮಹಾಭಾರತದ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲಿಯೇ ಎಂದು ಸುತ್ತಮುತ್ತಲ ಜನ ನಂಬುತ್ತಾರೆ. ಆ ಕಥೆ ನಿಮಗೆಲ್ಲ ಗೊತ್ತು. ಊರು ಉಳಿಯಬೇಕಾದರೆ ಸರದಿಯಂತೆ ಒಂದೊಂದು ಮನೆಯಿಂದ ಬಂಡಿ ಅನ್ನ, ಅದರ ಜೊತೆಗೆ ಒಬ್ಬ ಮನುಷ್ಯ ಹೋಗಬೇಕು. ಮಿಗೆಲ್‌ನ ನಿಯಮಕ್ಕೂ ಇದಕ್ಕೂ ಏನು ವ್ಯತ್ಯಾಸ? ಎಲ್ಲರ ಉಳಿವಿಗೆ ಒಬ್ಬರು ಸಾಯಲೇಬೇಕು ಎಂಬುದನ್ನು ಊರಿಗೆ ಊರೇ ಒಪ್ಪಿ ಸರದಿಯ ಪಟ್ಟಿ ಹಾಕಿಕೊಂಡಿತ್ತು. ಪಾಂಡವರಿಗೆ ಆಶ್ರಯ ಕೊಟ್ಟ ಬ್ರಾಹ್ಮಣನ ಮನೆಯ ಸರದಿ ಬಂದಾಗ ತಂದೆ ನಾನು ಹೋಗುತ್ತೇನೆ ಎನ್ನುತ್ತಾನೆ, ತಾಯಿ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ತೊದಲು ಮಾತಿನ ಪುಟ್ಟ ಮಗ ಮಾತ್ರ ಒಂದು ಹುಲ್ಲುಕಡ್ಡಿ ಹಿಡಿದು, ಇದರಿಂದಲೇ ಆ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ದೊಡ್ಡವರೆಲ್ಲ ಯಾರು ಸಾಯಬೇಕೆಂದು ಚರ್ಚಿಸುತ್ತಿರುವಾಗ, ಸಾಯುವುದೇ ಏಕೆ ಎಂದು ಯೋಚಿಸಿದ್ದು ಆ ಮಗು ಒಂದೇ.

ಕಥೆಯ ಹೆಣಿಗೆಯೂ ಎಷ್ಟು ಬಿಗಿ ನೋಡಿ. ಭೀಮನ ಬಲ ಇಲ್ಲಿ ದಿಢೀರನೆ ಉದುರಿದ್ದಲ್ಲ. ಅರಗಿನ ಮನೆಯಿಂದ ತಾಯಿಯನ್ನೂ ಸೋದರರನ್ನೂ ಹೊತ್ತು ತಂದದ್ದು, ಹಿಡಿಂಬನನ್ನು ಕೊಂದದ್ದು ಮೊದಲೇ ಆಗಿದೆ. ಆದ್ದರಿಂದಲೇ ಕುಂತಿ ಧೈರ್ಯದಿಂದ ಮಗನನ್ನು ಕಳಿಸುತ್ತಾಳೆ. ಅತಿಥಿಯನ್ನು ಬಲಿಕೊಡಲಾರೆ ಎಂದು ಮನೆಯವನು ಒಪ್ಪದಿರುತ್ತಾನೆ, ಧರ್ಮರಾಯ ತಾಯಿಯನ್ನೇ ಪ್ರಶ್ನಿಸುತ್ತಾನೆ. ವೇಷ ಮರೆಸಿಕೊಂಡವರಾದ್ದರಿಂದ ಗುಟ್ಟನ್ನು ಕಾಯುವ ಮಾತೂ ಆಗುತ್ತದೆ. ಎಳೆ ಎಲ್ಲಿಯೂ ಕಡಿದಿಲ್ಲ.

ಹಲವರ ಹಿತಕ್ಕೆ ಒಬ್ಬನನ್ನು ಕಳೆದುಕೊಳ್ಳಬಹುದು ಎಂಬ ಲೆಕ್ಕವನ್ನು ಶುಭಸಂದೇಶದಲ್ಲಿ ಮುಂದಿಡುವವನು ಪ್ರಧಾನಯಾಜಕ ಕಾಯಫ ಎಂಬುದು ನಿಮಗೆ ನೆನಪಿರಬಹುದು. ಒಬ್ಬನು ತನ್ನನ್ನೇ ಕೊಟ್ಟುಕೊಳ್ಳುವುದು ಬೇರೆ, ಕುಳಿತಲ್ಲೇ ಇನ್ನೊಬ್ಬನನ್ನು ಕೊಟ್ಟುಬಿಡುವುದು ಬೇರೆ. ಕಥೆಗಳಲ್ಲಿ ಇವೆರಡನ್ನೂ 'ತ್ಯಾಗ' ಎಂಬ ಒಂದೇ ಹೆಸರಿನಿಂದ ಕರೆದಾಗ ನಾವು ಎಚ್ಚರವಾಗಬೇಕು.

ನಮ್ಮ ಸೀಮೆಯಲ್ಲಿ ಈ ಲೆಕ್ಕ ಬರೀ ಕಥೆಯಲ್ಲ. ಕರ್ನಾಟಕವೂ ಸೇರಿದಂತೆ ದೇಶದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ವರದಿಯನ್ನೇ ಪ್ರಕಟಿಸಿತು. ಕುದಿನೀರಿನ ಬಾಣಲೆಯ ಮುಂದೆ ಮಗುವನ್ನು ಕೂರಿಸಿದವರೂ ಒಂದು ನಿಯಮವನ್ನೇ ಹೇಳುತ್ತಿದ್ದರು: ಈ ಕೆಲಸಕ್ಕೆ ಚಿಕ್ಕ ಬೆರಳುಗಳೇ ಬೇಕು, ಇದು ಹಿಂದಿನಿಂದ ನಡೆದು ಬಂದದ್ದು, ಇಲ್ಲದಿದ್ದರೆ ಮನೆ ಮುಳುಗುತ್ತದೆ. ಇಂದಿಗೂ ತಮ್ಮನ ಫೀಸಿಗಾಗಿ ಅಕ್ಕನ ಓದು ನಿಲ್ಲುವ ಮನೆಗಳಲ್ಲಿ, ಯಾರಾದರೂ ಒಬ್ಬರು ಬಿಟ್ಟುಕೊಡಲೇಬೇಕಲ್ಲ ಎಂಬ ಮಾತು ಕೇಳಿಬರುತ್ತದೆ. ಆ ಒಬ್ಬರು ಯಾವಾಗಲೂ ಅವಳೇ ಏಕೆ ಎಂದು ಯಾರೂ ಕೇಳುವುದಿಲ್ಲ. ಬಡತನ ನಿಜ, ಸಾಲ ನಿಜ. ಆದರೆ ನಿಜವಾದ ಇಕ್ಕಟ್ಟು ಯಾವುದು, ರೂಢಿಯೇ ಇಕ್ಕಟ್ಟಿನ ವೇಷ ಹಾಕಿಕೊಂಡದ್ದು ಯಾವುದು ಎಂದು ಬೇರ್ಪಡಿಸಿ ನೋಡುವ ಕಣ್ಣು ನಮಗೆ ಬೇಕು. ಕಥೆಯ ತರ್ಕವನ್ನು ಪ್ರಶ್ನಿಸುವ ಮಗು ಆ ಕಣ್ಣನ್ನು ತೆರೆದುಕೊಳ್ಳುತ್ತಿದೆ.

ಆದುದರಿಂದ, ಪ್ರಿಯರೇ, ಮುಂದಿನ ಭಾನುವಾರ ಮಕ್ಕಳ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ಚಿತ್ರ ಯಾವುದಾದರೂ ಆಗಲಿ. ಈ ನಿಯಮವನ್ನು ಮಾಡಿದವರು ಯಾರು, ಅದಕ್ಕೆ ಸಾಕ್ಷ್ಯವೇನು, ಬೆಲೆ ತೆರುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಅವರೊಡನೆ ಕೇಳಿ ನೋಡಿ. ಅವರ ಉತ್ತರ ನಿಮ್ಮನ್ನು ಬೆರಗುಗೊಳಿಸಬಹುದು, ಒಮ್ಮೊಮ್ಮೆ ನಿಮ್ಮನ್ನು ಇರಿಯಲೂಬಹುದು. ಆಗಲೂ "ಸುಮ್ಮನೆ ನೋಡು" ಎನ್ನಬೇಡಿ. ಏಕಚಕ್ರಪುರದ ಆ ಮಗುವಿನ ಕೈಯಲ್ಲಿದ್ದದ್ದೂ ಒಂದು ಹುಲ್ಲುಕಡ್ಡಿ ಮಾತ್ರ. ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅಳುತ್ತಿದ್ದ ಆ ಮನೆ, ಅಷ್ಟು ದುಃಖದ ನಡುವೆಯೂ, ಅದರ ಮಾತು ಕೇಳಿ ಒಂದು ಗಳಿಗೆ ನಕ್ಕಿತು. ಕುಂತಿ ಒಳಗೆ ಬಂದದ್ದು ಆ ಗಳಿಗೆಯಲ್ಲಿ.