ಪಾಳೆಯಗಾರರ ಪಿಸ್ತೂಲು: ಮೂಲ, ದುರಸ್ತಿ ಮತ್ತು ನಕಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ಸೀಮೆಯು ಪಾಳೆಯಗಾರರ ನೆಲ. ಹರಪನಹಳ್ಳಿ, ಗುಡೇಕೋಟೆ, ಜರಿಮಲೆ ಮನೆತನಗಳ ನೆನಪು ಇಲ್ಲಿನ ಜನರ ಮಾತಿನಲ್ಲಿ ಇಂದಿಗೂ ಜೀವಂತವಾಗಿದೆ. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಿಗೆ ಅಧಿಕಾರಿಯಾಗಿ ಬಂದ ಥಾಮಸ್ ಮನ್ರೋ, ಸುಮಾರು 80 ಪಾಳೆಯಗಾರರನ್ನೂ ಅವರ 30,000ದಷ್ಟು ಸಶಸ್ತ್ರ ಆಳುಗಳನ್ನೂ ಎದುರಿಸಬೇಕಾಯಿತು. ಅಂಥ ನೆಲದಲ್ಲಿ ಅಳಿದುಳಿದ ಆಯುಧಕ್ಕೆ ಕಥೆಯೊಂದು ಅಂಟಿಕೊಳ್ಳುವುದು ಸಹಜ. 'ಇದು ನಾಯಕರ ಕಾಲದ್ದು' ಎಂಬ ಹೇಳಿಕೆಯನ್ನು ಹಾಗೆಯೇ ಬರೆದುಕೊಂಡು ಪ್ರಕಟಿಸುವುದು ನಮ್ಮ ಕ್ಷೇತ್ರಕಾರ್ಯದ ದೌರ್ಬಲ್ಯ. ಹೇಳಿಕೆಯನ್ನು ದಾಖಲಿಸುವಷ್ಟೇ ಶ್ರದ್ಧೆಯಿಂದ ವಸ್ತುವನ್ನೂ ಓದಬೇಕು.

ಆಯುಧದಲ್ಲಿ ಮದ್ದು ಉಳಿದಿಲ್ಲವೆಂಬುದನ್ನು ತಿಳಿದವರಿಂದ ಖಚಿತಪಡಿಸಿಕೊಂಡ ಬಳಿಕವೇ ಪರಿಶೀಲನೆ ಆರಂಭವಾಗಬೇಕು. ಕೈಯಿಂದ ಅರ ಹಾಕಿ ಮಾಡಿದ ಹಳೆಯ ತಿರುಪುಮೊಳೆಯ ಸುತ್ತುಗಳು ಸಮವಾಗಿರುವುದಿಲ್ಲ. ಒಂದರ ಮೊಳೆ ಇನ್ನೊಂದರ ರಂಧ್ರಕ್ಕೆ ಸುಲಭವಾಗಿ ಹೊಂದುವುದಿಲ್ಲ. ಎರಕ ಹೊಯ್ದ ಈಚಿನ ಬಿಡಿಭಾಗದಲ್ಲಿ ಅಚ್ಚಿನ ಸೀಳುಗೆರೆ, ಗಾಳಿಗುಳ್ಳೆಯ ಸಣ್ಣ ಕುಳಿ, ಮೊನೆ ಮಾಸಿದ ಕೆತ್ತನೆ ಕಂಡುಬರಬಹುದು. ಬಹುಕಾಲ ಬಳಸಿದ ಚಕಮಕಿ ಪಿಸ್ತೂಲಿನಲ್ಲಿ ಕಿಡಿ ತಗಲುವ ರಂಧ್ರದ ಅಂಚು ಸವೆದಿರುತ್ತದೆ. ಕಬ್ಬಿಣ ಕುಳಿತ ಮರದ ಗೂಡಿನಲ್ಲಿ ಕಪ್ಪು ಕಲೆ ಇಳಿದಿರುತ್ತದೆ. ಆಮ್ಲ ಹಚ್ಚಿ ಬರಿಸಿದ ತುಕ್ಕಾದರೋ ಕೈ ತಾಗುವ ಕಡೆಗೂ ತಾಗದ ಕಡೆಗೂ ಒಂದೇ ಬಗೆಯಲ್ಲಿ ಹರಡಿರುತ್ತದೆ. ಟಿಪ್ಪುವಿನ ಆಯುಧವೆಂದು ತೋರಿಸುವ ವಸ್ತುವಿನಲ್ಲಿ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕಾಗುತ್ತದೆ. ಇದನ್ನರಿಯದ ನಕಲುಗಾರ ಅಲ್ಲಿಯೇ ಸಿಕ್ಕಿಬೀಳುತ್ತಾನೆ.

ಆದರೆ ಒಂದು ಬಿಡಿಭಾಗದ ಕಾಲವು ಇಡೀ ಆಯುಧದ ಕಾಲವಲ್ಲ. ಈಸ್ಟ್ ಇಂಡಿಯಾ ಕಂಪನಿಯು ತನ್ನ ಆಯುಧಗಳ ಮೇಲೆ ಹೃದಯಾಕಾರದ ಮುದ್ರೆಯ ಬದಲು ನಿಂತ ಸಿಂಹದ ಮುದ್ರೆಯನ್ನು ಒತ್ತತೊಡಗಿದ್ದು 1808ರ ಸುಮಾರಿಗೆ. ಮನ್ರೋ ಬರುವುದಕ್ಕೆ ಮುಂಚಿನದೆಂದು ಹೇಳುವ ಪಿಸ್ತೂಲಿನಲ್ಲಿ ಈ ಸಿಂಹವಿದ್ದರೆ ಕಥೆ ಸುಳ್ಳೆಂದು ಕೂಡಲೇ ತೀರ್ಮಾನಿಸಲಾಗದು. ನಳಿಗೆ ಹಳೆಯದಾಗಿ, ಕಿಡಿ ಹಾರಿಸುವ ಭಾಗ ಮಾತ್ರ ಆಮೇಲೆ ಕೂಡಿಸಿದ್ದಿರಬಹುದು. 19ನೆಯ ಶತಮಾನದಲ್ಲಿ ಕೇಪಿನ ಬಳಕೆ ಹಬ್ಬಿದಾಗ ಅನೇಕ ಚಕಮಕಿ ಆಯುಧಗಳನ್ನು ಅದಕ್ಕೆ ಮಾರ್ಪಡಿಸಲಾಯಿತು, ಅವೂ ನಕಲಿಗಳಲ್ಲ.

ಇಲ್ಲಿ ಸಂಗ್ರಾಹಕರ ಮಾನದಂಡವನ್ನೂ ವಿಮರ್ಶಿಸಬೇಕಾಗಿದೆ. ಒಂದು ತಿರುಪು ಬದಲಾಗಿದ್ದರೂ ಬೆಲೆ ತಗ್ಗಿಸುವ ಅವರ ದೃಷ್ಟಿಯು ಊರ ಕಮ್ಮಾರನ ದುರಸ್ತಿಯನ್ನೂ ವ್ಯಾಪಾರಿಯ ಮೋಸವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಕೊಟ್ಟೂರಿನ ತೇರು 2017ರಲ್ಲಿ ಉರುಳಿದ ಬಳಿಕ ಹೊಸ ತೇರು ಸಿದ್ಧವಾಯಿತು. ಅದನ್ನು ನಕಲಿ ತೇರೆಂದು ಕರೆಯುವ ಭಕ್ತನಿಲ್ಲ, ಏಕೆಂದರೆ ಅದು ಹೊಸದೆಂಬ ಸಂಗತಿಯನ್ನು ಯಾರೂ ಮುಚ್ಚಿಟ್ಟಿಲ್ಲ. ಬಳಕೆಗಾಗಿ ಬದಲಿಸಿದ್ದು ದುರಸ್ತಿ, ನಂಬಿಸುವುದಕ್ಕಾಗಿ ಬದಲಿಸಿದ್ದು ನಕಲು. ಲೋಹ ಎರಡರಲ್ಲೂ ಒಂದೇ ಇರಬಹುದು, ಉದ್ದೇಶ ಬೇರೆ.

ಹಾಗೆಂದು ಜಾನಪದ ವಿದ್ವಾಂಸರು ಪಾಠಾಂತರದ ತತ್ತ್ವವನ್ನು ಕಬ್ಬಿಣಕ್ಕೂ ಅನ್ವಯಿಸಿ ಎಲ್ಲವೂ ಮೂಲವೇ ಎನ್ನಲಾಗದು. ಹಾಡಿನ ಹೊಸ ಪಾಠ ಹಳೆಯದನ್ನು ಅಳಿಸುವುದಿಲ್ಲ. ಮಾರಾಟಕ್ಕಾಗಿ ಹಳೆಯ ಭಾಗವನ್ನು ಕಿತ್ತು ಹೊಸದನ್ನು ಕೂಡಿಸಿದರೆ ಸಾಕ್ಷ್ಯವೇ ನಾಶವಾಗುತ್ತದೆ. ಆದ್ದರಿಂದ ನಳಿಗೆ, ಕಿಡಿಭಾಗ, ಮರ ಇವುಗಳ ಕಾಲವನ್ನು ಬೇರೆಬೇರೆಯಾಗಿ ಗುರುತಿಸಿ, ಮನೆತನದ ಹೇಳಿಕೆಯನ್ನು ಅವುಗಳ ಪಕ್ಕದಲ್ಲಿ ಪ್ರತ್ಯೇಕವಾಗಿ ದಾಖಲಿಸುವುದು ಯೋಗ್ಯ ವಿಧಾನ. ಹಾಗೆ ಮಾಡದಿದ್ದಲ್ಲಿ ಮಹಾನವಮಿಯ ಪೂಜೆಗೆ ಹೊರಬರುವ ಆಯುಧವು ಒಂದೋ ನಕಲಿ ಎಂಬ ಹೆಸರು ಹೊತ್ತು ಕವಡೆ ಬೆಲೆಗೆ ಕೈತಪ್ಪುತ್ತದೆ, ಇಲ್ಲವೇ ಇಲ್ಲದ ಇತಿಹಾಸವನ್ನು ಹೊತ್ತು ನಮ್ಮ ಸಂಪುಟಗಳನ್ನು ಸೇರುತ್ತದೆ. ಎರಡರಲ್ಲಿಯೂ ನಷ್ಟವಾಗುವುದು ಈ ಸೀಮೆಯ ಜನರ ಚರಿತ್ರೆಗೇ.