ಮುಖವಿಲ್ಲದ ಸಂತೆಯಲ್ಲಿ ನಂಬಿಕೆಯ ಬೆಲೆ

ವ್ಯಾಪಾರದ ಕುರಿತ ಯಾವ ಸಭೆಗೆ ಹೋದರೂ ಈಗ ಕೇಳಿಬರುವುದು ಒಂದೇ ಉಪದೇಶ: ಅಂಗಡಿಯನ್ನು ಮೊಬೈಲಿಗೆ ತನ್ನಿ. ಇನ್‌ಸ್ಟಾಗ್ರಾಮಿನಲ್ಲಿ ರೀಲ್ ಹಾಕಿ, ವಾಟ್ಸ್‌ಆ್ಯಪ್‌ನಲ್ಲಿ ಸರಕಿನ ಪಟ್ಟಿ ಇಡಿ, ಗೂಗಲ್ ನಕ್ಷೆಯಲ್ಲಿ ಅಂಗಡಿಯ ಗುರುತು ಹಾಕಿಸಿ, ಗ್ರಾಹಕರು ತಾವಾಗಿಯೇ ಬರುತ್ತಾರೆ. ಮಣಿಪಾಲದಲ್ಲಿ ಕಲಿತು ಬಂದ ಹುಡುಗರು ಇದನ್ನು ಕಾರ್ಕಳ, ಕಾಪುವಿನ ವರ್ತಕರಿಗೆ ಬಿಡಿಸಿ ಹೇಳುತ್ತಾರೆ. ಜವಳಿ ಅಂಗಡಿಯ ಮಾಲೀಕರು ತಲೆಯಾಡಿಸುತ್ತಾರೆ. ಈ ಉಪದೇಶ ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಹೇಳುವವರು ಒಂದು ಪ್ರಶ್ನೆಯನ್ನು ಜಾಣತನದಿಂದ ದಾಟಿ ಹೋಗುತ್ತಾರೆ. ವ್ಯಾಪಾರ ನಿಂತಿರುವುದು ನಂಬಿಕೆಯ ಮೇಲೆ. ಈ ಹೊಸ ಸಂತೆಯಲ್ಲಿ ಆ ನಂಬಿಕೆ ಯಾರ ಕೈಯಲ್ಲಿದೆ?

ಈ ಪ್ರಶ್ನೆ ಕೇಳುವ ಹಕ್ಕು ಉಡುಪಿಗೆ ಉಳಿದ ಊರುಗಳಿಗಿಂತ ತುಸು ಹೆಚ್ಚೇ ಇದೆ. 1906ರ ಮಾರ್ಚ್ 12ರಂದು ಇಲ್ಲಿ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬರ ಮುಂದಾಳುತನದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಆರಂಭವಾಯಿತು. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಮುಗಿದಾಗ ಪೆಟ್ಟಿಗೆಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಒಬ್ಬ ಮುಸ್ಲಿಮ್ ವರ್ತಕರ ಮಾತನ್ನು ನಂಬಿ ಊರಿನವರು ಆ ಹಣ ಇಟ್ಟರು. (ಬಡ್ಡಿಯ ಕುರಿತು ನಮ್ಮ ಓದುಗರ ತಕರಾರು ನಮಗೆ ಗೊತ್ತಿದೆ. ಅದು ಬೇರೆಯೇ ಚರ್ಚೆ, ಇಲ್ಲಿ ಹೇಳುತ್ತಿರುವುದು ನಂಬಿಕೆಯ ಮಾತು.) 1925ರಲ್ಲಿ ಇದೇ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ 8,000 ರೂಪಾಯಿ ಬಂಡವಾಳದಲ್ಲಿ ಇನ್ನೊಂದು ಬ್ಯಾಂಕನ್ನು ಕಟ್ಟಿದರು. ಕೈಮಗ್ಗ ನೆಲಕಚ್ಚಿ ಕಂಗಾಲಾಗಿದ್ದ ನೇಕಾರರಿಗೆ ಆಸರೆಯಾಗುವುದು ಅವರ ಉದ್ದೇಶವಾಗಿತ್ತು. ಅದು ಸಿಂಡಿಕೇಟ್ ಬ್ಯಾಂಕ್. 1928ರಲ್ಲಿ ಅದರ ಪಿಗ್ಮಿ ಯೋಜನೆ ಬಂತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟರೇ ಮನೆ ಬಾಗಿಲಿಗೆ ಬಂದು ಬರೆದುಕೊಂಡು ಹೋಗುತ್ತಿದ್ದರು. 'ಮನೆ ಬಾಗಿಲಿಗೆ ಸೇವೆ' ಎಂಬುದು ಬೆಂಗಳೂರಿನ ಯಾವುದೋ ನವೋದ್ಯಮದ ಶೋಧನೆ ಎಂದುಕೊಂಡವರು ಇದನ್ನು ಗಮನಿಸಬೇಕು. ಪಿಗ್ಮಿ ಏಜೆಂಟನಿಗೆ ಯಾವ ಮನೆಯಲ್ಲಿ ಹೆರಿಗೆ, ಯಾವ ಮನೆಯಲ್ಲಿ ಸಾವು ಎಂಬುದೆಲ್ಲ ಗೊತ್ತಿರುತ್ತಿತ್ತು. ಇಂದಿನ ಆ್ಯಪ್‌ಗೂ ಅವೆಲ್ಲ ಗೊತ್ತಿವೆ. ಆದರೆ ಏಜೆಂಟ ಯಾರೆಂದು ನಮಗೂ ಗೊತ್ತಿತ್ತು, ಅವನ ಮನೆಗೆ ಹೋಗಿ ಜಗಳವಾಡಬಹುದಿತ್ತು. 2020ರ ಏಪ್ರಿಲ್ 1ರಂದು ಈ ಎರಡೂ ಬ್ಯಾಂಕುಗಳು ಬೇರೆ ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು.

ಮುಖ ನೋಡಿ ನಡೆಯುವ ವ್ಯಾಪಾರವನ್ನು ಹೊಗಳಿ ಇಲ್ಲಿಗೇ ಲೇಖನ ಮುಗಿಸುವುದು ಸುಲಭ. ಹಾಗೆ ಮುಗಿಸಲು ನಮಗೆ ಸಾಧ್ಯವಿಲ್ಲ. ಏಕೆಂದರೆ 2022ರ ಮಾರ್ಚ್‌ನಲ್ಲಿ ಮುಖ ನೋಡಿಯೇ ವ್ಯಾಪಾರವನ್ನು ನಿಲ್ಲಿಸಲಾಯಿತು. ಕಾಪುವಿನ ಸುಗ್ಗಿ ಮಾರಿಪೂಜೆಯ ಸಂತೆಯಲ್ಲಿ ಮುಸ್ಲಿಮರಿಗೆ ಅಂಗಡಿ ಜಾಗ ಸಿಗಲಿಲ್ಲ. ಬಪ್ಪ ಎಂಬ ಮುಸ್ಲಿಮ್ ವರ್ತಕನ ಹೆಸರಿನೊಂದಿಗೇ ತನ್ನ ಐತಿಹ್ಯವನ್ನು ಹೇಳಿಕೊಳ್ಳುವ ಬಪ್ಪನಾಡಿನ ಜಾತ್ರೆಯಲ್ಲೂ ಬಹಿಷ್ಕಾರದ ಬ್ಯಾನರ್ ಎದ್ದಿತು. ವಿಧಾನಸಭೆಯಲ್ಲಿ ಯು.ಟಿ. ಖಾದರ್ ವಿಷಯ ಎತ್ತಿದಾಗ, ಅಂದಿನ ಸರಕಾರ ಹಿಂದೂ ಧಾರ್ಮಿಕ ಸಂಸ್ಥೆಗಳಿಗೆ ಸಂಬಂಧಿಸಿದ 2002ರ ನಿಯಮವನ್ನು ಮುಂದಿಟ್ಟಿತು. ಸ್ಥಿರಾಸ್ತಿಯ ಗುತ್ತಿಗೆಗಾಗಿ ಬರೆದ ನಿಯಮ, ಒಂದೆರಡು ದಿನ ಗೋಣಿ ಹಾಸಿ ಬಳೆ, ಹಣ್ಣು ಮಾರುವವನ ಮೇಲೆ ಬಿತ್ತು. ಮರು ತಿಂಗಳು ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸದ ಬಹಿಷ್ಕಾರದ ಕರೆ ಬಂತು. ಆ ಕರೆಗಳು ಹೆಚ್ಚಾಗಿ ಹರಡಿದ್ದು ಗೋಡೆಬರಹದಿಂದಲ್ಲ, ಮೊಬೈಲಿನಿಂದ. ಯಾವ ಉಪಕರಣದಲ್ಲಿ ನಮ್ಮ ಹುಡುಗರು ಅಂಗಡಿ ತೆರೆಯಬೇಕೆಂದು ಉಪದೇಶವಾಗುತ್ತಿದೆಯೋ ಅದೇ ಉಪಕರಣ!

ಆ ದಿನಗಳಲ್ಲಿ ಹಿತೈಷಿಗಳು ಕೆಲವರು ಹೇಳಿದ್ದುಂಟು: ಜಾತ್ರೆ ಬೇಡವೆಂದರೆ ಬಿಡಿ, ಆನ್‌ಲೈನಿಗೆ ಹೋಗಿ, ಅಲ್ಲಿ ಯಾರೂ ಧರ್ಮ ಕೇಳುವುದಿಲ್ಲ. ಕೇಳಲು ಹಿತವಾದ ಮಾತು. ಆದರೆ ಜಾತ್ರೆಯ ಸರಕು ಎಂತಹದು ಎಂದು ಅವರು ಯೋಚಿಸಿದಂತಿಲ್ಲ. ಮಗು ಕಂಡದ್ದರಿಂದ ಬಲೂನು ಮಾರಾಟವಾಗುತ್ತದೆ. ಬಿಸಿಲಿದ್ದುದರಿಂದ ಕಲ್ಲಂಗಡಿ ಮಾರಾಟವಾಗುತ್ತದೆ. ಬಳೆಯನ್ನು ಕೈಗೆ ತೊಡಿಸಿ ನೋಡಿಯೇ ಕೊಡಬೇಕು. ಇವಕ್ಕೆ ಕೊರಿಯರ್ ಇಲ್ಲ. ಊರೂರು ಜಾತ್ರೆ ಸುತ್ತಿ ವರ್ಷದ ಸಂಪಾದನೆಯ ದೊಡ್ಡ ಪಾಲನ್ನು ಮೂರ್ನಾಲ್ಕು ತಿಂಗಳಲ್ಲೇ ಮಾಡಿಕೊಳ್ಳುವವನಿಗೆ ರೀಲ್ ಮಾಡಿ ಎನ್ನುವುದು ಉಪದೇಶವಲ್ಲ, ಅವನನ್ನು ಮರೆತುಬಿಡುವ ಮರ್ಯಾದಸ್ಥ ದಾರಿ.

ಮೊಬೈಲಿನ ವ್ಯಾಪಾರದಿಂದ ನಿಜವಾಗಿ ಪ್ರಯೋಜನವಾದದ್ದು ಯಾರಿಗೆ? ಮನೆಯೊಳಗಿರುವ ಹೆಣ್ಣುಮಕ್ಕಳಿಗೆ. ಇದನ್ನು ಒಪ್ಪದಿದ್ದರೆ ವಿಮರ್ಶೆ ಪ್ರಾಮಾಣಿಕವಾಗದು. ಉಚ್ಚಿಲ, ಮೂಳೂರು, ಹೂಡೆಯ ಕಡೆ ಬುರ್ಖಾ ಹೊಲಿಯುವವರು, ಮೆಹಂದಿ ಹಾಕುವವರು, ಪತ್ತಿರ್, ಸಮೋಸ, ಕೇಕ್ ಮಾಡಿಕೊಡುವವರು ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿಯದೆ, ಯಾರ ಅಪ್ಪಣೆಗೂ ಕಾಯದೆ ನಾಲ್ಕು ಕಾಸು ನೋಡುತ್ತಿದ್ದಾರೆ. ಅವರ ಗ್ರಾಹಕರು ಯಾರು ಎಂದು ನೋಡಿದರೆ ಬೇರೆಯೇ ಒಂದು ವಿಷಯ ಹೊಳೆಯುತ್ತದೆ. ಅತ್ತಿಗೆಯ ತವರಿನವರು, ಮದ್ರಸದಲ್ಲಿ ಜೊತೆಗೆ ಕಲಿತವರು, ಮಗಳ ಸಹಪಾಠಿಯ ತಾಯಿ. ಅಂದರೆ ಇಲ್ಲಿ ಮಾರಾಟವಾಗುತ್ತಿರುವುದು ಹಳೆಯ ಪರಿಚಯವೇ. ವಾಟ್ಸ್‌ಆ್ಯಪ್ ಆ ಪರಿಚಯಕ್ಕೆ ಒಂದು ಓಣಿ ಅಷ್ಟೆ.

ಆ ಓಣಿಯಿಂದ ಹೆದ್ದಾರಿಗೆ ಬಂದಾಗ ಕಥೆ ಬದಲಾಗುತ್ತದೆ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಮೊದಲು ಬೆಳೆದದ್ದು ಇಂತಹ ಹೆಂಗಸರಿಂದಲೇ. ಕಂಪನಿಯ ಸೀರೆ, ಚೂಡಿದಾರ್‌ಗಳ ಚಿತ್ರಗಳನ್ನು ಅವರು ತಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿ, ಮೇಲೆ ತುಸು ಲಾಭವಿಟ್ಟು ಮಾರುತ್ತಿದ್ದರು. ಕೆಲವು ವರ್ಷಗಳಲ್ಲಿ ಕಂಪನಿ ನೇರವಾಗಿ ಗ್ರಾಹಕರಿಗೇ ಮಾರುವ ದಾರಿ ಹಿಡಿಯಿತು. ಅತ್ತಿಗೆಯ ತವರಿನವರಿಗೆ ಆ್ಯಪ್ ಪರಿಚಯವಾದ ಮೇಲೆ ನಡುವೆ ಅತ್ತಿಗೆ ಏಕೆ? 2025ರ ಡಿಸೆಂಬರ್‌ನಲ್ಲಿ ಕಂಪನಿ ಷೇರುಪೇಟೆಗೆ ಬಂತು. ಮೊದಲ ಗ್ರಾಹಕರನ್ನು ಕರೆತಂದ ಹೆಂಗಸರ ಸಂಬಂಧಗಳಿಗೆ ಅಲ್ಲಿ ಬೆಲೆ ಕಟ್ಟಿದವರು ಯಾರೂ ಇಲ್ಲ.

ಕಾನೂನು ಕೂಡ ಇವರಿಗೆ ಅರ್ಧ ಬಾಗಿಲನ್ನಷ್ಟೇ ತೆರೆದಿದೆ. ಆನ್‌ಲೈನ್ ಜಾಲತಾಣಗಳ ಮೂಲಕ ಮಾರುವ ಸಣ್ಣವರಿಗೂ ಮೊದಲು ಜಿಎಸ್‌ಟಿ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಸಣ್ಣ ಮಾರಾಟಗಾರರಿಗೆ ವಿನಾಯಿತಿ ಸಿಕ್ಕಿತು, ಆದರೆ ಸರಕು ರಾಜ್ಯದ ಗಡಿ ದಾಟಬಾರದು. ದಿಲ್ಲಿಯಲ್ಲಿ ಕುಳಿತು ನಿಯಮ ಬರೆದವರಿಗೆ ಇದು ದೊಡ್ಡದೆನಿಸಿರಲಾರದು. ಕರಾವಳಿಯ ಸಂಬಂಧಗಳು ಮಾತ್ರ ಮುಂಬೈಗೂ ಕಾಸರಗೋಡಿಗೂ ಹರಡಿಕೊಂಡಿವೆ. ಕಾಪುವಿನ ಹೆಣ್ಣುಮಗಳೊಬ್ಬಳು ತಾಣವೊಂದರ ಮೂಲಕ ಬೀದರ್‌ಗೆ ಉಪ್ಪಿನಕಾಯಿ ಕಳಿಸಬಹುದು, ಮಂಜೇಶ್ವರದ ಚಿಕ್ಕಮ್ಮನಿಗೆ ಕಳಿಸಬೇಕಾದರೆ ನೋಂದಣಿ ಬೇಕು.

ಇನ್ನು ಈ ಸಂತೆಯ ಭಾಷೆ. 'ಇನ್ನು ಎರಡೇ ಉಳಿದಿವೆ', 'ಈಗ 37 ಮಂದಿ ಇದನ್ನು ನೋಡುತ್ತಿದ್ದಾರೆ', 'ರಿಯಾಯಿತಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ'. ಕೊಳ್ಳುವ ಮನಸ್ಸಿಲ್ಲದವನು ಸುಮ್ಮನೆ ಬೆಲೆ ಏರಿಸಿ ಕೂಗುವುದನ್ನು, ಬೇರೆಯವರನ್ನು ಮರುಳುಮಾಡಲು ಸರಕನ್ನು ಹೊಗಳುವುದನ್ನು ಇಸ್ಲಾಮಿನ ವ್ಯಾಪಾರ ನೀತಿ 'ನಜಶ್' ಎಂದು ಕರೆದು ನಿಷೇಧಿಸಿದೆ. ಹಣಕ್ಕೆ ಬರೆಸಿದ ಐದು ನಕ್ಷತ್ರಗಳ ವಿಮರ್ಶೆ ನಜಶ್ ಅಲ್ಲದೆ ಮತ್ತೇನು? ಮದೀನದ ಪೇಟೆಯಲ್ಲಿ ಪ್ರವಾದಿ ಮುಹಮ್ಮದ್(ಸ) ಧಾನ್ಯದ ರಾಶಿಯೊಳಗೆ ಕೈ ತೂರಿಸಿ, ಒಳಗೆ ಒದ್ದೆಯಾಗಿರುವುದನ್ನು ಕಂಡು, ಅದನ್ನು ಜನರಿಗೆ ಕಾಣುವಂತೆ ಮೇಲೆ ಹಾಕಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮೊಬೈಲಿನ ಪರದೆಯೊಳಗೆ ಕೈ ತೂರಿಸಲು ಬರುವುದಿಲ್ಲ. ಆದುದರಿಂದ ಆ ಕೆಲಸವನ್ನು ಕಾನೂನು ಮಾಡಬೇಕಾಗುತ್ತದೆ. ಅದು ಮಾಡಿದ್ದು ಇಷ್ಟು: 2022ರ ನವೆಂಬರ್‌ನಲ್ಲಿ ಗ್ರಾಹಕ ವಿಮರ್ಶೆಗಳಿಗೆ ಒಂದು ಮಾನದಂಡ ಬಂತು, ಆದರೆ ಪಾಲಿಸುವುದು ಅವರವರ ಇಷ್ಟಕ್ಕೆ ಬಿಟ್ಟದ್ದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ಕೊನೆಯ ಪುಟದವರೆಗೆ ಮುಚ್ಚಿಡುವುದು ಎಲ್ಲವೂ ಅದರಲ್ಲಿವೆ. ಪಟ್ಟಿಯನ್ನು ಓದಿದರೆ ಹಳೆಯ ಪೇಟೆಯ ಮೋಸಗಳಿಗೆ ಹೊಸ ಹೆಸರಿಟ್ಟಂತೆ ಕಾಣುತ್ತದೆ.

'ಬಡ್ಡಿಯಿಲ್ಲದ ಕಂತು' ಎಂಬ ಮಾತಿಗೆ ನಮ್ಮವರು ವಿಶೇಷವಾಗಿ ಮರುಳಾಗುತ್ತಾರೆ. ಬಡ್ಡಿಯಿಲ್ಲ ಎಂದರೆ ಹಲಾಲ್ ತಾನೇ ಎಂಬ ಸರಳ ಲೆಕ್ಕ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕದ ವೇಷದಲ್ಲಿ ಬಚ್ಚಿಡಲಾಗುತ್ತದೆ ಎಂದು ರಿಸರ್ವ್ ಬ್ಯಾಂಕೇ 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಈಗಿನ ಏರ್ಪಾಟು ಹೀಗೆ: ಬಡ್ಡಿಯಷ್ಟು ಹಣವನ್ನು ರಿಯಾಯಿತಿ ಎಂದು ಮೊದಲು ಕಳೆಯುತ್ತಾರೆ, ಬ್ಯಾಂಕ್ ತನ್ನ ಬಡ್ಡಿಯನ್ನು ಕಂತಿನಲ್ಲಿ ವಸೂಲು ಮಾಡುತ್ತದೆ, ಆ ಬಡ್ಡಿಯ ಮೇಲಿನ ಜಿಎಸ್‌ಟಿ ಗ್ರಾಹಕನ ತಲೆಗೆ ಬೀಳುತ್ತದೆ. ಬಿಲ್ಲನ್ನು ತೆರೆದು ನೋಡಿದರೆ ಬಡ್ಡಿಯ ಕಾಲಮ್ಮು ಅಲ್ಲೇ ಇರುತ್ತದೆ. ಉಲಮಾಗಳು ಶುಕ್ರವಾರದ ಪ್ರವಚನದಲ್ಲಿ ಬ್ಯಾಂಕ್ ಠೇವಣಿಯ ಬಗ್ಗೆ ಹೇಳುವಷ್ಟೇ ಬಿಡಿಸಿ ಇದನ್ನೂ ಹೇಳಬಾರದೇ?

ಇಷ್ಟೆಲ್ಲ ಟೀಕೆ ಮಾಡಿದ ಮೇಲೆ, ಈ ಜಿಲ್ಲೆಯಲ್ಲಿ ಸರಿಯಾದ ದಾರಿಯಲ್ಲಿ ನಡೆದಿರುವ ಕೆಲಸವನ್ನೂ ಹೇಳಬೇಕು. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದಾಗ ನೇಯುವವರು ಬೆರಳೆಣಿಕೆಯಷ್ಟೇ ಉಳಿದಿದ್ದರು. ಕಾರ್ಕಳದ ಕದಿಕೆ ಟ್ರಸ್ಟ್, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ ಮಗ್ಗಗಳನ್ನು ಮತ್ತೆ ಎಬ್ಬಿಸಿತು. ಅಡಿಕೆ ಚೊಗರಿನ ಬಣ್ಣವನ್ನು ನೂಲಿಗೆ ಹಾಕಿಸಿತು, ಮೊಬೈಲಿನ ಮೂಲಕ ದೂರದೂರದ ಗ್ರಾಹಕರನ್ನು ಮುಟ್ಟಿತು. ಇಲ್ಲಿ ಪ್ರಚಾರ ಮೊದಲಲ್ಲ, ಮಗ್ಗ ಮೊದಲು. ಕೈಮಗ್ಗಕ್ಕೆ ತನ್ನದೇ ವೇಗವಿದೆ, ರಿಯಾಯಿತಿ ಉತ್ಸವದ ವೇಗಕ್ಕೆ ಅದು ಓಡಲಾರದು. ಮಾರಾಟ ಹೆಚ್ಚಿಸಲು ಹೊರಟವರು ಮರೆಯುವುದು ಇದನ್ನೇ. ಬೇಡಿಕೆ ಏರಿದಾಗ ನೇಕಾರ ಹೆಚ್ಚುವುದಿಲ್ಲ, ಅದೇ ಹೆಸರಿನ ನಕಲಿ ಸೀರೆ ಹೆಚ್ಚುತ್ತದೆ. ಕಟಪಾಡಿ ಬಳಿಯ ಮಟ್ಟುವಿನ ಗುಳ್ಳ ಬೆಳೆಗಾರರು ಇದನ್ನು ಬೇಗ ಅರಿತರು. 2011ರಲ್ಲಿ ಮಾನ್ಯತೆ ಸಿಕ್ಕಿದ ತಮ್ಮ ಬದನೆಗೆ, ಬೇರೆ ಕಡೆಯ ಗುಳ್ಳವೂ ಮಟ್ಟುಗುಳ್ಳವೆಂದೇ ಮಾರಾಟವಾಗುವುದನ್ನು ಕಂಡು, ಸಂಘದ ಸ್ಟಿಕ್ಕರ್ ಅಂಟಿಸಿ ಪೇಟೆಗೆ ಕಳಿಸಿದರು. ಬದನೆಕಾಯಿಗೆ ಸ್ಟಿಕ್ಕರ್! ನಗು ಬರಬಹುದು. ಆದರೆ ನೂರು ಜಾಹೀರಾತುಗಳಿಗಿಂತ ಅದಕ್ಕೆ ಹೆಚ್ಚು ತೂಕವಿದೆ. ಆ ಕಾಯಿ ಕೆಟ್ಟದ್ದಾದರೆ ಯಾರನ್ನು ಕೇಳಬೇಕೆಂದು ಅದು ಹೇಳುತ್ತದೆ.

ಶಂಕರಪುರದ ಮಲ್ಲಿಗೆಯಂತೂ ನಮಗೆ ಬಲು ಇಷ್ಟದ ಉದಾಹರಣೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದಿನವೂ ದರ ಘೋಷಣೆಯಾಗುತ್ತದೆ, ಬೆಳೆದವರಿಗೂ ಕೊಳ್ಳುವವರಿಗೂ ತಿಳಿಯುತ್ತದೆ. ಈಗ ಮೊಬೈಲಿನಲ್ಲಿ ಇನ್ನೂ ಬೇಗ ತಿಳಿಯುತ್ತದೆ. ದರ ನಿಗದಿಯ ಬಗ್ಗೆ ಬೆಳೆಗಾರರ ಗೊಣಗಾಟ ಇದ್ದೇ ಇದೆ, ಆದರೆ ಗೊಣಗಲು ಅವರಿಗೆ ಒಂದು ಕಟ್ಟೆಯಾದರೂ ಇದೆ. ಅಮೆಝಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ಯಾರ ಸರಕು ಮೇಲೆ ಕಾಣಬೇಕು, ಯಾರದು ಕೆಳಗೆ ಹೋಗಬೇಕು ಎಂದು ನಿರ್ಧರಿಸುವ ಕಟ್ಟೆ ಎಲ್ಲಿದೆಯೋ ಮಾರುವವನಿಗೆ ಗೊತ್ತಿಲ್ಲ. ತಮಗೆ ಬೇಕಾದ ಕೆಲವೇ ಮಾರಾಟಗಾರರಿಗೆ ಇವು ಮೇಲಿನ ಜಾಗ ಕೊಟ್ಟಿವೆ ಎಂದು ಸ್ಪರ್ಧಾ ಆಯೋಗದ ತನಿಖಾ ವರದಿ 2024ರಲ್ಲಿ ಹೇಳಿತು. ಕಂಪನಿಗಳು ಆರೋಪವನ್ನು ಒಪ್ಪಿಲ್ಲ.

2025ರ ಜುಲೈಯಲ್ಲಿ ಇನ್ನೊಂದು ಪಾಠವಾಯಿತು. ಸಣ್ಣ ಅಂಗಡಿಯವರ ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿತು. ಬೆಂಗಳೂರಿನ ಬೇಕರಿ, ಚಹಾ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು 'ನಗದು ಮಾತ್ರ' ಎಂಬ ಬರಹ ಬಂತು. ಗಲಾಟೆಯಾದ ಮೇಲೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಬೇಕಾಯಿತು. ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಲು, ಹಣ್ಣು, ತರಕಾರಿಗೆ ತೆರಿಗೆಯೇ ಇಲ್ಲ ಎಂದು ನೋಟಿಸ್ ಬರುವ ಮೊದಲು ಆ ವ್ಯಾಪಾರಿಗೆ ಹೇಳಿದವರು ಯಾರು? ಕ್ಯೂಆರ್ ಅಂಟಿಸಲು ಕಂಪನಿಯ ಹುಡುಗರು ಅಂಗಡಿಗೇ ಬಂದಿದ್ದರು. ಲೆಕ್ಕ ಇಡುವುದನ್ನು ಕಲಿಸಲು ಯಾರೂ ಬರಲಿಲ್ಲ. ಆರ್ಡರು ಹೊತ್ತು ಮಣಿಪಾಲದ ಏರುದಾರಿಯಲ್ಲಿ ಮಳೆಗೆ ಬೈಕ್ ಓಡಿಸುವ ಹುಡುಗರ ಪಾಡೂ ಇಂತಹದೇ. ಅವರಿಗಾಗಿ 2025ರಲ್ಲಿ ರಾಜ್ಯ ಕಾನೂನು ಮಾಡಿ, ಪ್ರತಿ ವಹಿವಾಟಿನ ಮೇಲೆ ಕಂಪನಿಗಳಿಂದ ಶೇ. 1ರಿಂದ 5ರವರೆಗೆ ಕ್ಷೇಮನಿಧಿಗೆ ಪಡೆಯಲು ಅವಕಾಶ ಕಲ್ಪಿಸಿದೆ. ಹೆಸರು ನೋಂದಾಯಿಸಿಕೊಂಡವರಿಗಷ್ಟೇ ಅದರ ಫಲ.

ಇಲ್ಲಿ ನಮ್ಮ ಜಮಾಅತ್ ಕಮಿಟಿಗಳಿಗೆ ಒಂದು ಮಾತು. ಮಸೀದಿಯ ಕಟ್ಟಡಕ್ಕೆ, ಮದುವೆ ಹಾಲಿಗೆ ಲಕ್ಷಗಟ್ಟಲೆ ಕೂಡಿಸುವ ಶಕ್ತಿ ನಮಗಿದೆ. ಒಂದು ಮೇಜು, ಒಂದು ಕಂಪ್ಯೂಟರ್, ವಾರಕ್ಕೆ ಎರಡು ಸಂಜೆ ಬಂದು ಕೂರುವ ಒಬ್ಬ ವಾಣಿಜ್ಯ ಪದವೀಧರ ಇದ್ದರೆ ಆಹಾರ ಸುರಕ್ಷತಾ ನೋಂದಣಿ, ಜಿಎಸ್‌ಟಿಯ ದಾಖಲೆ, ಡೆಲಿವರಿ ಹುಡುಗರ ನೋಂದಣಿ ಮೂರೂ ಆಗುತ್ತವೆ. ಮೇಜಿನ ಮುಂದೆ ಕೂರುವವರು ನಮ್ಮ ಮೊಹಲ್ಲಾದವರೇ ಆಗಿರಬೇಕೆಂದಿಲ್ಲ, ಪಕ್ಕದ ಮೊಗವೀರ ಹೆಂಗಸು ಒಣಮೀನಿನ ನೋಂದಣಿಗೆ ಬಂದರೆ ಅವರಿಗೂ ಮಾಡಿಕೊಡಲಿ. ರಮಝಾನ್‌ಗೆ ಎರಡು ತಿಂಗಳು ಮುಂಚೆ ಶುರುಮಾಡುವುದು ಒಳ್ಳೆಯದು, ಸಮೋಸದ ಆರ್ಡರುಗಳು ಶಾಬಾನ್‌ನಲ್ಲೇ ಬರತೊಡಗುತ್ತವೆ.